ಬೀಬೀಜಾನಳ ಹೂಂ

ಕಾಂದಿವಲಿಯ ಚಾಳೊಂದರ ಎರಡನೆಯ ಮಹಡಿಯಲ್ಲಿ ಬ್ಲೌಸು, ನೈಟಿ ಹೊಲಿಯುವ ಬೀಬೀಜಾನ ವಿಜಯಪುರದ ಕಡೆಯವಳು. ಎದುರಿನವರು ಮಾತಾಡುವಾಗ ಪ್ರತಿ ವಾಕ್ಯಕ್ಕೂ ಒಂದು ‘ಹೂಂ’ ಹಾಕುತ್ತಾಳೆ. ‘ಕೇಳುತ್ತಿದ್ದೇನೆ, ಮುಂದೆ ಹೇಳಿ’ ಎಂದಷ್ಟೇ ಅದರ ಅರ್ಥ.

ಬಟ್ಟೆಯ ಅಂಚಿನ ನೂಲು ಬಿಡದಂತೆ ಹೊಲಿಯುವ ಇಂಟರ್‌ಲಾಕ್ ಮಷೀನು ಕೊಳ್ಳಲು ಅವಳು ದುಡ್ಡು ಕೂಡಿಟ್ಟಿದ್ದಳು. ಒಂದು ವರ್ಷಕ್ಕೆ ಎಫ್‌ಡಿ ಮಾಡಿಸಲು ಬ್ಯಾಂಕಿಗೆ ಹೋದಾಗ, ಕೌಂಟರಿನವನು ಹೆಚ್ಚು ಬಡ್ಡಿ ಬರುತ್ತದೆಂದು ಬೇರೆ ಕಾಗದಕ್ಕೆ ಸಹಿ ಹಾಕಿಸಿದ. ವರ್ಷ ತುಂಬಿ ದುಡ್ಡು ಕೇಳಿದಾಗಲೇ ತಿಳಿದದ್ದು, ಅದು ವಿಮೆ ಎಂದು. ಹತ್ತು ವರ್ಷ ಕಂತು ಕಟ್ಟಬೇಕು. ಈಗಲೇ ಬಿಟ್ಟರೆ ದುಡ್ಡೂ ಇಲ್ಲ, ಮಷೀನೂ ಇಲ್ಲ.

ಆ ಶಾಖೆಗೆ ಆಗಷ್ಟೇ ವರ್ಗವಾಗಿ ಬಂದಿದ್ದ ಅಧಿಕಾರಿ, ಉಡುಪಿಯ ವಿನೋದಿನಿ, ದೂರು ಬರೆಸಿಕೊಂಡಳು. ಪಾಲಿಸಿ ಕೊಡುವ ಮೊದಲು ಖಚಿತಪಡಿಸಿಕೊಳ್ಳಲು ಮಾಡಿದ ಫೋನಿನಲ್ಲಿ ಗ್ರಾಹಕಿ ಎಲ್ಲಕ್ಕೂ ಒಪ್ಪಿದ್ದಾರೆ ಎಂದು ವಿಮಾ ಕಂಪನಿ ಉತ್ತರಿಸಿತು. ಹಾಗಾದರೆ ಆ ರೆಕಾರ್ಡಿಂಗ್ ಕಳಿಸಿ ಎಂದು ವಿನೋದಿನಿ ಬರೆದಳು. ಅದು ಬಂದ ದಿನ ಬೀಬೀಜಾನ ಗಂಡ ಯಾಕೂಬನೊಡನೆ ಬಂದು ಕುಳಿತಳು.

ರೆಕಾರ್ಡಿಂಗಿನಲ್ಲಿ ಹೊಲಿಗೆ ಮಷೀನು ಗಡಗಡ ಓಡುತ್ತಿತ್ತು. ಕಂಪನಿಯ ಹುಡುಗಿಯೊಬ್ಬಳು ಹಿಂದಿಯಲ್ಲಿ ಉಸಿರು ಬಿಡದೆ ಕೇಳುತ್ತಿದ್ದಳು. ಇದು ಎಫ್‌ಡಿ ಅಲ್ಲ, ವಿಮೆ, ತಿಳಿದಿದೆಯೇ?

“ಹೂಂ.”

ಹತ್ತು ವರ್ಷ ಕಟ್ಟುತ್ತೀರಾ?

“ಹೂಂ.”

“ಮದುವಿಯಾಗಿ ಇಪ್ಪತ್ತು ವರ್ಷಾತ್ರಿ ಮೇಡಂ, ನನಗ ಒಮ್ಮಿನೂ ಹೀಂಗ ಒಪ್ಪಿಲ್ಲ,” ಎಂದ ಯಾಕೂಬ. “ಕಂಪನಿ ನಸೀಬ ನೋಡ್ರಿ!”

“ನೀ ಸುಮ್ನಿರು,” ಎಂದಳು ಬೀಬೀಜಾನ. ಅವಳ ಮುಖ ಬಾಡಿತ್ತು.

ನಿಮ್ಮ ಹುಟ್ಟಿದ ತಾರೀಖು?

“ಹೂಂ.”

ತಾರೀಖು, ಮೇಡಂ?

“ಹೂಂ, ಬೋಲೋ.”

ವಿನೋದಿನಿ ಜೋರಾಗಿ ನಕ್ಕುಬಿಟ್ಟಳು. “ಸಿಕ್ಕಿತು ಮಾರಾಯ್ರೆ! ಹುಟ್ಟಿದ ತಾರೀಖಿಗೂ ಹೂಂ ಅಂದವರು ಒಪ್ಪಿದ್ದಾದರೂ ಯಾವುದಕ್ಕೆ?”

“ಮಂದಿ ಮಾತಾಡುವಾಗ ಹೂಂ ಅನ್ನದಿದ್ರ ಮರ್ಯಾದಿ ಏನ್ರಿ ಅಕ್ಕಾರ?”

“ನನ್ನ ಅಮ್ಮನೂ ಹಾಗೇ. ಇದನ್ನೇ ಬರೆಯುವ.”

ಹಾಗೆಯೇ ಬರೆದಳು. ಕಂಪನಿ ಕೊಸರಾಡಿತು, ಇನ್ನೊಂದು ಪತ್ರ ಹೋಯಿತು, ಕೊನೆಗೆ ಪೂರ್ತಿ ದುಡ್ಡು ಖಾತೆಗೆ ಮರಳಿತು.

ಮಷೀನು ಬಂದ ದಿನ ಚಾಳಿನ ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಅದನ್ನು ಹೊತ್ತು ತರಲು ಯಾಕೂಬನ ಜೊತೆ ನೆರೆಯವರೂ ಕೈಹಾಕಿದರು. ಸಂಜೆಯ ಹೊತ್ತಿಗೆ ನೂಲು ಬಿಟ್ಟ ಹಳೆಯ ನೈಟಿಗಳನ್ನು ಹಿಡಿದ ಹೆಂಗಸರ ಸಾಲು ಹೊರಗೆ ಮೆಟ್ಟಿಲಿನವರೆಗೆ ಬೆಳೆದಿತ್ತು.

“ಎಫ್‌ಡಿ ಮಾಡಸ್ತೀರಿ ಅಂದ್ರ ಕಾಗದದ ಮ್ಯಾಲ ಎಫ್‌ಡಿ ಅಂತ ಐತೇನು ಅಂತ ಓದಿಸಿ ಸಹಿ ಹಾಕ್ರಿ,” ಎನ್ನುತ್ತ ಬೀಬೀಜಾನ ಪೆಡಲು ತುಳಿದಳು. “ಹೊಲಿಗಿ ಇವತ್ತೊಂದಿನ ಪುಕ್ಕಟ. ನಾಳೆಯಿಂದ ರೊಕ್ಕ ತರ್ರಿ!”