ಬಟ್ಟಲಿಗೋ, ಭರಣಿಗೋ?

ಕೊಯಮತ್ತೂರಿನ ಅಂಗಡಿಯವನು ನನ್ನ ಬೆನ್ನ ಹಿಂದೆ ಯಾರಾದರೂ ಗಂಡಸು ಇದ್ದಾನಾ ಎಂದು ಹುಡುಕಿದ. ಇದ್ದವಳು ಅಕ್ಕ, ಕಣ್ಣು ತೋರಿಸಲು ಜೊತೆಗೆ ಬಂದವಳು. "ಮರದ ಲೇತ್‌ಗೆ ಚಕ್ ಬೇಕು," ಎಂದೆ ತಮಿಳಿನಲ್ಲಿ. "ಯಾರಿಗೆ?" ಎಂದ. ನನಗೇ!

ನನ್ನ ಹೊಸ ಹುಚ್ಚು ನಿಮಗೆ ಗೊತ್ತಲ್ಲ, ಮರ ಕಡೆಯುವುದು. ತಾಳವಾಡಿಯ ನಮ್ಮ ಶೆಡ್ಡಿನಲ್ಲಿ ಮರವನ್ನು ಗರಗರ ತಿರುಗಿಸುವ ಪುಟ್ಟ ಲೇತ್ ಯಂತ್ರ ಕೂತಿದೆ. ಲಟ್ಟಣಿಗೆ, ಕಡಗೋಲುಗಳನ್ನು ಎರಡೂ ತುದಿಗೆ ಆನಿಸಿ ಕಡೆಯಬಹುದು. ಬಟ್ಟಲು? ಒಳಗೆ ತೋಡಬೇಕಾದರೆ ಒಂದು ತುದಿ ಬಿಡುವಾಗಿರಬೇಕು. ಮರವನ್ನು ಒಂದೇ ಕಡೆಯಿಂದ ಕಚ್ಚಿ ಹಿಡಿಯಲು ಚಕ್ ಬೇಕೇ ಬೇಕು. ಆ ಚಕ್ಕಿನ ಹಲ್ಲುಗಳೇ ಜಾ.

ಅಂಗಡಿಯವನು ಮೊದಲು ಕೇಳಿದ್ದು ನನ್ನ ಲೇತಿನ ಥ್ರೆಡ್, ಅಂದರೆ ಚಕ್ಕನ್ನು ತಿರುಪಿ ಕೂರಿಸುವ ಸುರುಳಿ ಗೀರಿನ ಅಳತೆ. (ಅದು ಹೊಂದದಿದ್ದರೆ ಎಂಥ ಚಕ್ಕೂ ಪೇಪರ್‌ವೇಟೇ.) ಆಮೇಲೆ, "ಮಾಡುವುದು ದೊಡ್ಡದೋ, ಚಿಕ್ಕದೋ?" ಎಂದ. ದೊಡ್ಡ ಮರಕ್ಕೆಂದು ಚಿಕ್ಕ ಜಾವನ್ನು ಪೂರ್ತಿ ಅಗಲಿಸಿದರೆ ಹಿಡಿತ ಸಾಲದು, ಮರ ಹಾರಿ ಮುಖಕ್ಕೇ ಬಡಿಯುತ್ತದೆ. ಒಂದೇ ಸೆಟ್ ಜಾ ತರುತ್ತೇನೆಂದು ಮನೆಯವರಿಗೆ ಮಾತು ಕೊಟ್ಟಿದ್ದೆ. ದೊಡ್ಡದೇ ಅಂದುಕೊಂಡೆ. ಹಣ್ಣು ತುಂಬಿದ ಬಟ್ಟಲಿನ ಫೋಟೋ ಹಾಕಿ ಲೈಕ್ ಬಾಚುವ ಆಸೆ!

ಅಷ್ಟರಲ್ಲಿ ಅಕ್ಕ ಚಿಕ್ಕ ಜಾ ಕೈಗೆತ್ತಿಕೊಂಡಳು.

"ಇದ್ರಲ್ಲಿ ಭರಣಿ ಆಯ್ತದಾ?"

"ಯಾವ ಭರಣಿ ಅಕ್ಕ?"

"ಕುಂಕುಮದ್ದು ಕಣಮ್ಮಿ."

ಭಾವ ತೀರಿಕೊಂಡಾಗ ಗೆಟ್ಟವಾಡಿಯ ಅವಳ ಮನೆಯ ಗೂಡಿನಿಂದ ಕುಂಕುಮದ ಭರಣಿಯನ್ನು ಯಾರೋ ಎತ್ತಿಕೊಂಡು ಹೋಗಿದ್ದರು.

"ನಾ ಇಟ್ಕಳಕಲ್ಲ," ಎಂದಳು. "ಮನಗೆ ಬಂದ ಎಣ್ಮಕ್ಳ ಬರಿ ಅಣೇಲಿ ಕಳುಸ್ತಾ ಇವ್ನಿ. ಊಟ ಇಕ್ತೀನಿ, ಎಲೆ ಅಡ್ಕೆ ಕೊಡ್ತೀನಿ. ಅವ್ರು ಎದ್ದು ಓಗಾಗ ನನ್ ಕೈ ಎಲ್ಲಿಕ್ಕಳದು ಅಂತ ಗೊತ್ತಾಗಲ್ಲ."

ನಮ್ಮಲ್ಲಿ ಮನೆಗೆ ಬಂದ ಹೆಣ್ಣು ಹೊರಡುವಾಗ ಮನೆಯೊಡತಿ ಹಣೆಗೆ ಕುಂಕುಮ ಇಡಬೇಕು. ಗಂಡ ಸತ್ತವಳು ಇಡುವಂತಿಲ್ಲ. ಅಡುಗೆಗೆ ಅವಳು ಬೇಕು, ಬಡಿಸಲು ಬೇಕು, ಬೀಳ್ಕೊಡಲು ಬೇಡವಾ? ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಇಳಿದಿಲ್ಲ.

ಚಿಕ್ಕ ಜಾ ತಂದೆ. ಬೇವಿನ ತುಂಡು ಕಡೆಯಲು ಕೂತೆ. (ಫಾರೆಸ್ಟಿನವರೇ, ನಮ್ಮ ಹಿತ್ತಲಿನದು!) ಮೊದಲನೆಯದು ನಾನು ಬಿಗಿದ ರಭಸಕ್ಕೆ ಸೀಳಿತು. ಎರಡನೆಯದು ಅಂಗೈಯಲ್ಲಿ ಕೂರುವಷ್ಟು ಮುದ್ದಾಗಿ ಬಂತು. ಕುಂಕುಮ ತುಂಬಿಸಿ ಭಾನುವಾರ ಗೆಟ್ಟವಾಡಿಗೆ ಒಯ್ದೆ.

ಅಕ್ಕ ಭರಣಿಯನ್ನು ಮೂಸಿದಳು, ಸೆರಗಿನಲ್ಲಿ ಒರೆಸಿದಳು, ಗೂಡಿನಲ್ಲಿಟ್ಟಳು. ಊಟವಾಯಿತು. ನಾನು ಹೊರಟಾಗ ಅದನ್ನು ತಂದು ಮುಚ್ಚಳ ತೆಗೆದಳು. ನಾನು ಹಣೆ ಮುಂದೆ ಮಾಡಿದೆ. ತನ್ನ ಮದುವೆಗೆ ಮುಂಚೆ ದಿನಾ ನನ್ನ ಹಣೆಗಿಟ್ಟು ಸ್ಕೂಲಿಗೆ ಕಳಿಸುತ್ತಿದ್ದವಳು ಇವಳೇ. ಆ ಬೆರಳಿನ ತಂಪು ನನಗೆ ಮತ್ತೆ ಬೇಕು, ತುಂಬಾ ಬೇಕು.

ಅವಳ ಬೆರಳು ಕುಂಕುಮ ಮುಟ್ಟಿ ಅಲ್ಲೇ ನಿಂತಿತು.

"ನಿನ್ ಗಂಡುಂಗೇನಾರ ಆಗ್ಬುಟ್ರೆ? ನೀನೇ ಇಟ್ಕಬುಡಮ್ಮಿ."

"ಇಟ್ಕಳಕಿಲ್ಲ. ನೀನೇ ಇಕ್ಕು."

ರಸ್ತೆಯಲ್ಲಿ ತಾಳವಾಡಿ ಬಸ್ಸು ಹಾರ್ನ್ ಹೊಡೆಯಿತು. ನಾನು ಕದಲಲಿಲ್ಲ. ಬಸ್ಸಿನದೇನು, ನಾಳೆಯೂ ಬರುತ್ತದೆ. ಅಕ್ಕನ ಬೆರಳು ಭರಣಿಯಿಂದ ನನ್ನ ಹಣೆಯವರೆಗೆ ಬರಲು ಇನ್ನೆಷ್ಟು ವರ್ಷ ಬೇಕು?