ಸೋಸಿದ ನೀರಿನ ಗ್ವಾಡಿ

ಮನಿ ಕಟ್ಟಾಕ ಕಲ್ಲು ಬೇಕು, ಮಣ್ಣು ಬೇಕು ಅಂತಾರ. ನೀರು ಬೇಕು ಅಂತ ಯಾರೂ ಅನ್ನೂದಿಲ್ಲ, ಯಾಕಂದ್ರ ಅದನ್ನ ಹೊರಾಕ ಹೆಂಗಸರು ಇರ್ತಾರ. ನೆನಪಾದ್ರ ಇವತ್ತಿಗೂ ನನ್ನ ಮೈ ಉರೀತದ.

ಯುದ್ಧ ನಡದಿದ್ದ ಕಾಲ. ನಮ್ಮೂರು ನೂಲದೊಳಗ ನಮ್ಮ ಮನಿ ವಾಟಣಿ ಆತು, ಆಸ್ತಿ ಪಾಲಾತು. ಅಪ್ಪ ತೀರಿಕೊಂಡಿದ್ದ. ದೊಡ್ಡ ಮನಿ ಕಾಕಾನ ಪಾಲಿಗೆ ಹೋತು, ನಮ್ಮ ಪಾಲಿಗೆ ಹೊಲದ ದಂಡಿಗೆ ಬರೇ ಜಾಗಾ ಬಂತು. ಮಳಿ ಹಿಡಿಯೂದ್ರೊಳಗ ನಾವು ದೊಡ್ಡ ಮನಿ ಬಿಡಬೇಕು ಅಂತ ಹಿರಿಯಾರ ಮುಂದ ಮಾತಾಗಿತ್ತು. ಅಣ್ಣ ಇಚಲಕರಂಜಿಯೊಳಗ ಮಗ್ಗದ ಕೆಲಸಕ್ಕಿದ್ದ, ಸೂಟಿ ಸಿಕ್ಕಾಗಷ್ಟ ಬರ್ತಿದ್ದ. ಕಟ್ಟಸಾಕ ನಿಂತಾಕಿ ನಮ್ಮವ್ವ. ಅತ್ತಿಗಿ ಬಸರಿ, ತವರಮನಿ ಅಂಬೋದು ಇರಲಾರದಾಕಿ. ಆಕಿ ಹಡಿಯೂದ್ರೊಳಗ ತಲಿ ಮ್ಯಾಲ ಒಂದು ಸೂರು ಆಗಬೇಕು ಅನ್ನೂದಽ ಅವ್ವನ ಚಿಂತಿ.

ಭಾವಿ ಇಬ್ಬರಿಗೂ ಕೂಡಿದ್ದು. ಆದ್ರ ಭಾವಿಗೂ ನಮ್ಮ ಜಾಗಾಕ್ಕೂ ನಡುವ ಕಾಕಾನ ಮೆಣಸಿನಕಾಯಿ ಹೊಲ ಇತ್ತು. ಅದರ ಬದು ಕಡದು ಸಣ್ಣದೊಂದು ಕಾಲುವಿ ತೋಡಿದ್ರ, ಎತ್ತು ಹೂಡಿ ತೊಗಲಿನ ಮೋಟ ಎಳಸಿದಾಗ ಭಾವಿ ನೀರು ತಾನಽ ಹರದು ಬಂದು ನಮ್ಮ ಮಣ್ಣಿನ ಗುಂಡಿ ತುಂಬತಿತ್ತು. ಅವ್ವ ಕೇಳಿದ್ಲು. ಕಾಕಾ ಕೊಡೂದಿಲ್ಲ ಅನ್ನಲಿಲ್ಲ, ಹಂಗ ನೆಟ್ಟಗ ಮಾತಾಡೂ ಮನಶಾ ಅಲ್ಲ ಅವ. ಧರ್ಮ ತಗದ.

ನಾವು ಜೈನರು. ನೀರನ್ನ ದಪ್ಪ ಅರಿವಿಯೊಳಗ ಸೋಸಲಾರದ ಬಾಯಿಗೂ ಹಚ್ಚೂದಿಲ್ಲ, ಕೆಲಸಕ್ಕೂ ಹಚ್ಚೂದಿಲ್ಲ. ಅರಿವಿಯೊಳಗ ಉಳದ, ಕಣ್ಣಿಗೆ ಕಾಣದ ಜೀವಗಳನ್ನ ತಿರುಗಿ ಅದಽ ಭಾವಿಗೆ ಬಿಡತೇವಿ. ಕಾಲುವಿ ನೀರು ಸೋಸಿದ್ದಲ್ಲ, ಅದನ್ನ ಹಾಕಿ ಮಣ್ಣು ತುಳದ್ರ ಆ ಪಾಪ ಹುಟ್ಟೂ ಕೂಸಿಗೆ ತಟ್ಟತದ ಅಂದ ಕಾಕಾ. ಭಾವಿ ಮ್ಯಾಲ ಸೋಸಿ ಕೊಡದಾಗ ಹೊತ್ತು ಒಯ್ಯಿರಿ, ಯಾರು ಬ್ಯಾಡಂದಾರ ಅಂದ. ಕುಂತ ಹಿರಿಯಾರೆಲ್ಲ ಹೌದ್ರಿ ಹೌದ್ರಿ ಅಂತ ಗೋಣು ಹಾಕಿದ್ರು. ಅವರೊಳಗ ಒಬ್ಬಾವರ ಜಲ್ಮದಾಗ ಒಂದು ಕೊಡ ಎತ್ತಿದಾವ ಇದ್ನ?

ಹೊತ್ವಿ. ಅವ್ವ, ಅತ್ತಿಗಿ, ನಾನು. ಗ್ವಾಡಿ ಮಣ್ಣು ಎಷ್ಟು ನೀರು ಕುಡೀತದ ಅನ್ನೂದು ಹೊತ್ತವರಿಗೇ ಗೊತ್ತು. ಅವ್ವ ಬ್ಯಾಡಂದ್ರೂ ಅತ್ತಿಗಿ ಕೇಳಲಿಲ್ಲ. ಒಂದಿನ ಬದುವಿನ ಮ್ಯಾಲ ಕಾಲು ಜಾರಿ ಕೊಡದ ಸಂಗಟ ಬಿದ್ಲು. ಕೂಸಿಗೆ ಏನೂ ಆಗಿಲ್ಲ ಅಂತ ಸೂಲಗಿತ್ತಿ ಹೇಳಿದ್ಲು, ಆದ್ರ ಅತ್ತಿಗಿ ನಡಾ ಹಿಡೀತು. ಅವತ್ತಽ ಅವ್ವ ಮತ್ತ ಕಾಕಾನ ಹತ್ರ ಹೋದ್ಲು. ಅವರವರ ಕರ್ಮ, ಯಾರೇನು ಮಾಡಾಕ ಬರ್ತದ ಅಂದನಂತ. ಅವನ ಬಾಯಾಗ ಮಣ್ಣು ಬೀಳಲಿ.

ಮರುದಿನ ಮುಂಜಾನೆ ಕಾಕಾನ ಆಳು ಮೋಟ ಹೂಡಿ ಮೆಣಸಿನಕಾಯಿಗೆ ನೀರು ಬಿಡಾಕ ಹೊಂಟಿದ್ದ. ಅವ್ವ ಸೋಸೂ ಅರಿವಿ ಒಯ್ದು, ಮೋಟದ ನೀರು ಸುರಿಯೂ ಕಲ್ಲಿನ ದೋಣಿಯ ಬಾಯಿಗೆ ಬಿಗದು ಕಟ್ಟಿ ಅಲ್ಲೇ ಕುಂತ್ಲು. ನೀರು ಜಿನುಗಾಕತ್ತು. ಪ್ರತಿ ಮೋಟಕ್ಕೂ ಅರಿವಿ ಬಿಚ್ಚೂದು, ಜೀವ ಭಾವಿಗೆ ಬಿಡೂದು, ಮತ್ತ ಕಟ್ಟೂದು. ಎತ್ತು ಸುಮ್ನ ನಿಂತ್ವು. ಮಧ್ಯಾಹ್ನಾದ್ರೂ ಒಂದು ಸಾಲು ಪೂರಾ ತೊಯ್ಯಲಿಲ್ಲ. ಕಾಕಾ ಓಡಿ ಬಂದು ಹಾರ್ಯಾಡಿದ, ಮಂದಿ ಕೂಡೀತು.

"ನಿಮ್ಮ ಮೆಣಸಿನಕಾಯಿ ನೀರಾಗೂ ಜೀವ ಅದಾವ್ರಿ," ಅಂದ್ಲು ಅವ್ವ, ದನಿ ಏರಿಸಲಾರದ. "ಆ ಪಾಪ ನಿಮಗ ತಟ್ಟಬಾರದಲ್ಲ."

ಮಂದಿ ನಕ್ತು. ಸಂಜಿಗೆ ಬದು ಕಡಿಯಾಕ ಕಾಕಾನಽ ಆಳು ಹಚ್ಚಿದ. ಕಾಲುವಿ ಬಂದ ಮ್ಯಾಲೂ ಅವ್ವ ನಮ್ಮ ಗುಂಡಿಯ ಬಾಯಿಗೆ ಅರಿವಿ ಕಟ್ಟತಿದ್ಲು, ಅದರಾಗ ಉಳದ ಜೀವ ತಂಬಿಗಿಯೊಳಗ ಹಾಕ್ಕೊಂಡು ಭಾವಿಗೆ ಬಿಟ್ಟು ಬರ್ತಿದ್ಲು. ಧರ್ಮ ಆಕಿಗೆ ಖರೇನ ಬೇಕಾಗಿತ್ತು.

ಗಡಹಿಂಗ್ಲಜದಿಂದ ಹಂಚು ತರಸಿ ಮಳಿಗಿಂತ ಮೊದಲ ಏರಿಸಿದ್ವಿ. ಅತ್ತಿಗಿ ಆ ಹಸಿಗ್ವಾಡಿ ಮನಿಯಾಗಽ ಹಡದ್ಲು. ಆಮ್ಯಾಲ ಮಾಡಿದ ವಾಸ್ತುಶಾಂತಿ ದಿನ, ಮನಿ ಕಟ್ಟಾಕ ನೀರು ಕೊಟ್ಟಾವಗ ತಲಿಗೆ ಪಟಗಾ, ಅಂದ್ರ ರುಮಾಲು, ಸುತ್ತೂದು ನಮ್ಮ ಕಡೆ ಪದ್ಧತಿ. ಹಿರಿಯಾರು ಮತ್ತ ಯಾರನ್ನ ಕುಂದರಸ್ತಾರ? ಕಾಕಾನ್ನಽ ಮಣಿ ಮ್ಯಾಲ ಕುಂದರಸಿದ್ರು. ಅವನೂ ಮೀಸಿ ತಿರುವಿ ಕುಂತ. ಕಾಲು ಮುಟ್ಟಿ ನಮಸ್ಕಾರ ಮಾಡು ಅಂತ ಅತ್ತಿಗಿಗೆ ಹೇಳಿದ್ರು. ಆಕಿ ಬಗ್ಗಾಕ ಹೋಗಿ, ಆಗಲಾರದ, ಗ್ವಾಡಿ ಹಿಡಕೊಂಡು ಹಂಗಽ ಕುಸದು ಕುಂತ್ಲು. ಈಗಿನ ಸೊಸಿಯಾರಿಗೆ ನಡಾನಽ ಬಗ್ಗೂದಿಲ್ಲ ಅಂದ ಕಾಕಾ, ನಕ್ಕೋತ.

ಕಾಕಾಗ ಸುತ್ತಾಕಂತ ತಾಟಿನೊಳಗ ಇಟ್ಟಿದ್ದ ಪಟಗಾ ಅವ್ವ ಎತ್ತಿಕೊಂಡ್ಲು. ಮಡಿಕಿ ಮ್ಯಾಲ ಮಡಿಕಿ ಹಾಕಿ ದಪ್ಪ ಮಾಡಿ, ಅತ್ತಿಗಿ ಬೆನ್ನಿಗೂ ಗ್ವಾಡಿಗೂ ನಡುವ ಇಟ್ಲು.

"ನೀರು ಕೊಟ್ಟಾಕಿ ನೀನವ್ವಾ," ಅಂದ್ಲು. "ಒರಗಿ ಕುಂದರು."