ರೂಟ್ ಪಾಸ್‌ವರ್ಡಿಗೆ ಪಂಚನಾಮಿ

ಜಿಲ್ಲಾ ಒಡದು ಕೊಪ್ಪಳ ಬ್ಯಾರೆ ಆದಾಗ ನಮ್ಮ ಆಫೀಸಿನ ಪಾಲಿಗೆ ಕಾಲು ಮುರದ ಮೂರು ಕುರ್ಚಿ, ಬಾಗಲಾ ಹತ್ತದ ಎರಡು ಕಪಾಟು, ಒಂದು ಯುನಿಕ್ಸ್ ಕಂಪ್ಯೂಟರ್ ಮಷಿನ್ ಬಂದ್ವು. ಯಾವ ಆಫೀಸು ಅಂತ ಕೇಳಬ್ಯಾಡ್ರಿ, ಮರ್ಯಾದಿ ಪ್ರಶ್ನೆ. ಮಷಿನ್ ಜೋಡಿ ಒಬ್ಬ ಸಾಹೇಬ್ರೂ ಬಂದ್ರು. ಅದರ ರೂಟ್ ಪಾಸ್‌ವರ್ಡ್, ಅಂದ್ರ ಇಡೀ ಮಷಿನ್ನಿನ ಯಜಮಾನಿಕಿ, ಅವರೊಬ್ಬರ ಕೈಯಾಗ ಇತ್ತು. ನಾ ಬರೇ ಆಪರೇಟರ್. ಆಫೀಸಿನವರ ಹಾಜರಿ ದಿನಾ ಟೈಪ್ ಮಾಡೋದು ನನ್ನ ಕೆಲಸ.

ಸಾಹೇಬ್ರು ರಿಟೈರ್ ಆಗೋ ದಿನ ಚಾರ್ಜ್ ಕೊಡಬೇಕಾತು. ತಿಜೋರಿಯ ಎರಡನೇ ಕೀಲಿಕೈಯನ್ನ ಲಕೋಟಿಯೊಳಗ ಹಾಕಿ, ಅರಗಿನ ಮುದ್ರಿ ಒತ್ತಿ, ಖಜಾನಿಯೊಳಗ ಇಡೋ ಪದ್ಧತಿ ಸರಕಾರದಾಗ ಮೊದಲಿಂದ ಐತಿ. ಪುಣ್ಯಾತ್ಮರು ಅದನ್ನ ಮಷಿನ್ನಿಗೂ ಹಚ್ಚಿದ್ರು. ನನ್ನ ಲಾಗಿನ್ ಸುದ್ದಾ ಬಂದ್ ಮಾಡಿ, ರೂಟ್ ಪಾಸ್‌ವರ್ಡ್ ಒಂದು ಚೀಟಿ ಮ್ಯಾಲ ಬರದು, ಲಕೋಟಿಗೆ ಐದು ಕಡೆ ಅರಗು ಸುರದು, ಖಜಾನಿಗೆ ಜಮಾ ಮಾಡಿ, ಹಾರ ಹಾಕಿಸಿಕೊಂಡು ಹೋದ್ರು.

ಹೊಸ ಸಾಹೇಬ್ರು ಬರೋದರೊಳಗ ಹಳೇ ಸಾಹೇಬ್ರು ತೀರಿಕೊಂಡಿದ್ರು. ಲಕೋಟಿ ಕೊಡ್ರಿ ಅಂತ ಖಜಾನಿಗೆ ಬರದ್ವಿ. ಇಟ್ಟವರು ಖುದ್ದಾಗಿ ಬಂದು ಸಹಿ ಮಾಡತಕ್ಕದ್ದು ಅಂತ ಉತ್ತರ ಬಂತು. ಅವರು ಸ್ವರ್ಗಸ್ಥರಾಗಿರುತ್ತಾರೆ ಅಂತ ಬರದ್ವಿ. ಹಾಗಿದ್ದಲ್ಲಿ ಸದರಿಯವರಿಂದ ಅಧಿಕಾರ ಪತ್ರ ತರತಕ್ಕದ್ದು ಅಂತ ಬಂತು. ಅಲ್ಲಿಗೆ ಯಾರನ್ನ ಕಳಸೋಣು, ನೀವ ಹೇಳ್ರಿ! ಮಷಿನ್ ಮ್ಯಾಲ ಅರಿವಿ ಹೊಚ್ಚಿ ಕೈ ತೊಳಕೊಂಡ್ವಿ. ಆಯುಧ ಪೂಜಿ ಮಾತ್ರ ತಪ್ಪಿಸಲಿಲ್ಲ. ವಿಭೂತಿ, ಚಂಡುಹೂವು, ಕಾಯಿ, ಎಲ್ಲಾ ಶಿಸ್ತ್ ಆಗತಿತ್ತು.

ಹಿಂಗ ನಡದಿರುವಾಗ ಮ್ಯಾಲಿಂದ ಒಂದು ಆದೇಶ ಬಂತು: ಐದು ವರ್ಷ ಬಿಡದಂಗ ದುಡದ ದಿನಗೂಲಿಯವರನ್ನ ಖಾಯಂ ಮಾಡ್ತೀವಿ, ತಿಂಗಳೊಳಗ ಹಾಜರಿ ದಾಖಲೆ ಕಳಸ್ರಿ. ನಮ್ಮಲ್ಲಿ ಅಂಥಾಕಿ ಒಬ್ಬಾಕೀನ ಇದ್ಲು. ಯಲಬುರ್ಗಾ ಕಡೆಯಾಕಿ, ಗಂಡ ಇಲ್ಲ, ಎರಡು ಹೆಣ್ಣುಮಕ್ಕಳು. ಕಸಾ ಹೊಡದು, ನೀರು ತುಂಬಿ, ಎಲ್ಲಾರ ಟೇಬಲ್ಲಿಗೂ ಚಾ ಕೊಡಾಕಿ. ಈಗಿನ ಎರಡು ವರ್ಷದ ಹಾಜರಿ ಪುಸ್ತಕ ಇದ್ವು, ಆದ್ರ ಮಷಿನ್ ನಡಿಯೋ ಕಾಲದ ಪುಸ್ತಕಾನೆಲ್ಲಾ, ಹೆಂಗೂ ಟೈಪ್ ಆಗ್ಯಾವಲ್ಲ ಅಂತ ಹಿಂದಿನ ಖೋಲಿಯಾಗ ಒಗದಿದ್ವಿ. ಗೆದ್ದಲ ಹತ್ತಿ ಮಣ್ಣಾಗಿದ್ವು.

"ಮಷಿನ್ನಿನಾಗ ನನ್ನ ಹೆಸರು ಐತೇನ್ರಿ ಸರ?" ಅಂತ ಕೇಳಿದ್ಲು.

"ಐತಿ ತಗೋ ಯಕ್ಕಾ. ನಾನ ಟೈಪ್ ಮಾಡೀನಿ. ಒಂದ್ ದಿನಾ ಸುದ್ದಾ ಬಿಟ್ಟಿಲ್ಲ," ಅಂತ ಎದಿ ಉಬ್ಬಿಸಿ ಅಂದೆ.

ಅಂದ ಮ್ಯಾಲ ತಗೀಬೇಕಲ್ಲ. ಮಷಿನ್ ಜೋಡಿ ಬಂದ ದಪ್ಪನ ಪುಸ್ತಕ ಇಷ್ಟು ವರ್ಷ ನೀರಿನ ಕೊಡದ ಬುಡಕ ಇತ್ತು. ಎತ್ತಿ ಝಾಡಿಸಿ ಓದಿದೆ. ಪಾಸ್‌ವರ್ಡ್ ಮರತ್ರ ಪುಸ್ತಕದಾಗ ಇಟ್ಟ ಸಿಡಿಯಿಂದ ಮಷಿನ್ ಎಬ್ಬಿಸಿ, ಪಾಸ್‌ವರ್ಡಿನ ಫೈಲ್ ತಗದು, ರೂಟ್ ಅನ್ನೋ ಹೆಸರಿನ ಮುಂದಿನ ಗುಪ್ತ ಅಕ್ಷರ ಅಳಿಸಿದ್ರ ಆತು. ಹತ್ತು ನಿಮಿಷದ ಕೆಲಸ! ನಮ್ಮ ಪತ್ರಗೋಳ ಕಡತ ಆ ಪುಸ್ತಕಕ್ಕಿಂತ ದಪ್ಪಾಗಿತ್ತು.

ಹೊಸ ಸಾಹೇಬ್ರಿಗೆ ಹೇಳಿದೆ. ಅವರಿಗೆ ಬೆವರು ಬಂತು. "ಅಂದ್ರ ಕೀಲಿ ಒಡದಂಗ ಆತಲ್ರಿ? ಹಂಗ ಒಡಿಯಾಕ ಬರಂಗಿಲ್ಲ. ಪಂಚನಾಮಿ ಆಗಬೇಕು."

ಆತ್ರೆಪಾ. ಎದುರಿನ ಝೆರಾಕ್ಸ್ ಅಂಗಡಿಯವನ್ನ, ಮಗ್ಗಲದ ಸೈಕಲ್ ಅಂಗಡಿ ಸಾಬರನ್ನ ಪಂಚರಂತ ಕರಸಿ, ಮಿರ್ಚಿ, ಚಾ ಕೊಟ್ಟು ಕುಂದರಿಸಿದ್ವಿ. ನಾ ಕೀಲಿಮಣಿ ಒತ್ತಾಕ ಹತ್ತಿದೆ.

"ಸಾಹೇಬ್ರ, ನಾ ಏನ್ ನೋಡಬೇಕ್ರಿ?" ಅಂದ್ರು ಸೈಕಲ್ ಸಾಬರು.

"ಒಡಿಯೋದು ನೋಡ್ರಿ."

"ಏನೂ ಒಡೀಲಿಲ್ಲಲ್ರಿ?"

"ಒಡದಾತು. ಸಹಿ ಮಾಡ್ರಿ."

ಸದರಿ ಪಂಚರ ಸಮಕ್ಷಮ ಸದರಿ ಯಂತ್ರದ ಗುಪ್ತಪದವನ್ನು ತೆಗೆದು ಹೊಸದನ್ನು ಇಡಲಾಯಿತು ಅಂತ ಸಾಹೇಬ್ರು ಬರಸಿ, ಆ ಹೊಸ ಪಾಸ್‌ವರ್ಡ್ ಯಾವ್ದು ಅಂತಾನೂ ದುಂಡಗ ಬರಸಿದ್ರು. ಆಮ್ಯಾಲ ಐದು ಪ್ರತಿ ಮಾಡಿಸಾಕ ಝೆರಾಕ್ಸ್ ಅಂಗಡಿಯವನ ಕೈಯಾಗ ಕೊಟ್ರು. ನಾ ಹೊಟ್ಟಿ ಹಿಡಕೊಂಡು ನಕ್ಕೆ.

ಅಕ್ಕ ಹಸಿ ಕೈ ಸೆರಗಿಗೆ ಒರಸಿಗೋತ ಬಂದು ನನ್ನ ಹಿಂದ ನಿಂತ್ಲು. ಹಾಜರಿ ಫೈಲ್ ತಗದೆ. ಸಾಹೇಬ್ರು, ಗುಮಾಸ್ತರು, ಡ್ರೈವರ್, ಎಲ್ಲಾರದೂ ದಿನಾ ದಿನಾ ಇತ್ತು. ಅಕೀದು ಮೊದಲಿನ ಮೂರು ತಿಂಗಳು ಇತ್ತು. ಮುಂದ ಖಾಲಿ. ಕೆಳಗ ಸರಿಸಿದೆ, ವರ್ಷ ಬದಲಾದ್ವು, ಖಾಲೀನ ಇತ್ತು.

ಆಗ ನೆನಪಾತು. ದಿನಗೂಲಿಯವರ ಸಾಲು ಹಾಜರಿ ಹಾಳಿಯ ಕಟ್ಟಕಡೀಗೆ ಇರತಿತ್ತು. ಅದನ್ನ ಯಾವ ಸಾಹೇಬ್ರೂ ಕೇಳತಿರಲಿಲ್ಲ. ಕುಷ್ಟಗಿ ಬಸ್ಸಿನ ಹೊತ್ತಾತು ಅಂತ ಬಿಟ್ಟು ಏಳತಿದ್ದೆ, ನಾಳೆ ಹಾಕಿದ್ರಾತು ಅಂತ.

"ಸಿಗಲಿಲ್ಲೇನ್ರಿ ಸರ?" ಅಂದ್ಲು. ನಾ ಇನ್ನಷ್ಟು ಕೆಳಗ ಸರಿಸಿದೆ. ಅಕೀನ ನನಗ ಸಮಾಧಾನ ಹೇಳಿದ್ಲು. "ಇರ್ಲಿ ಬಿಡ್ರಿ, ನೀವೇನ್ ಮಾಡ್ತೀರಿ. ಹಳೇ ಮಷಿನ್ನು, ಅಳಿಸಿ ಹೋಗಿರಬೇಕು."

ಸಾಹೇಬ್ರು ನನ್ನ ಕಡೆ ನೋಡಿದ್ರು. "ಹೌದೇನ್ರಿ? ಅಳಿಸಿ ಹೋಗೇತೇನು?"

"ಹೌದ್ರಿ ಸರ," ಅಂದೆ. "ಹಳೇ ಮಷಿನ್."

ಸಾಹೇಬ್ರು ಹಂಗ ಬರದು ಮ್ಯಾಲ ಕಳಸಿದ್ರು. ಅಕ್ಕ ಕಡೀತನಕ ದಿನಗೂಲಿಯಾಕಿಯಾಗೇ ಉಳದ್ಲು.